ಚೆನ್ನಾಗಿ ಓಡುತ್ತಿರುವ ದೋಣಿ ಎಂಜಿನ್‌ನ ಪಾರ್ಟ್‌ಗಳನ್ನು ಮೊದಲೇ ಬದಲಾಯಿಸಬೇಕಾ?

ನಿಮ್ಮ ನಾಡದೋಣಿಯ 9.9 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್‌ಗೆ (ದೋಣಿಯ ಹಿಂದೆ ಹೊರಗಡೆ ಕೂರಿಸುವ ಎಂಜಿನ್‌ಗೆ) ಆರು ವರ್ಷ ಆಗಿದೆ, ಇವತ್ತಿಗೂ ಒಂದೆರಡು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ ಅಂತ ಬರೆದಿದ್ದೀರಿ. ಮಳೆಗಾಲಕ್ಕೆ ಮುಂಚೆ ಕೆಲವು ಪಾರ್ಟ್ ಬದಲಾಯಿಸೋಣ ಅಂತ ನೀವು, ಓಡುವ ಎಂಜಿನ್ ಬಿಚ್ಚಬೇಡ ಅಂತ ನಿಮ್ಮ ಅಣ್ಣ. ನಾನು ಗಂಗೊಳ್ಳಿ ಕಡೆ ಔಟ್‌ಬೋರ್ಡ್ ರಿಪೇರಿ ಮಾಡುವವನು. ಈ ಮಾತಿನಲ್ಲಿ ನಾನು ನಿಮ್ಮ ಪರ. ಆದರೆ ಎಲ್ಲವನ್ನೂ ಬದಲಾಯಿಸಬೇಕಾಗಿಲ್ಲ. ರಬ್ಬರಿನದ್ದನ್ನು ವಯಸ್ಸು ನೋಡಿ ಬದಲಾಯಿಸಿ, ಲೋಹದ್ದನ್ನು ಸವೆತ ನೋಡಿ ಬದಲಾಯಿಸಿ.

ಟ್ರಾಲ್ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಹಾಗಾಗಿ ರಜೆ. ಅವರು ಆಗ ನಿಧಾನವಾಗಿ ಎಂಜಿನ್ ಕೆಲಸ ಮಾಡಿಸುತ್ತಾರೆ. 10 ಎಚ್‌ಪಿ ಒಳಗಿನ ನಾಡದೋಣಿಗೆ ಆ ನಿಷೇಧ ಇಲ್ಲ. ಅಂದರೆ ಕಡಲು ಜೋರಿರುವಾಗಲೇ ನೀವು ಅಳಿವೆ (ಹೊಳೆ ಕಡಲಿಗೆ ಸೇರುವ ಬಾಯಿ) ದಾಟಬೇಕು. ಹೊರಗಡೆ ಎಂಜಿನ್ ನಿಂತರೆ ಇನ್ನೊಂದು ದೋಣಿಯವರು ಎಳೆದುಕೊಂಡು ಬರಬಹುದು. ಅಳಿವೆಯಲ್ಲಿ ನಿಂತರೆ ದೋಣಿ ತೆರೆಗೆ ಅಡ್ಡ ತಿರುಗುತ್ತದೆ, ಮಗುಚಲು ಒಂದು ತೆರೆ ಸಾಕು. ಹಾಗಾಗಿ ನಿಮ್ಮ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು.

ಮೊದಲು ವಾಟರ್ ಪಂಪಿನ ಇಂಪೆಲ್ಲರ್. ಎಂಜಿನ್ ತಣ್ಣಗಿರುವುದು ಈ ಸಣ್ಣ ರಬ್ಬರ್ ಚಕ್ರದಿಂದ. ಅದರ ರೆಕ್ಕೆಗಳು ಪಂಪಿನೊಳಗೆ ಯಾವಾಗಲೂ ಬಾಗಿಯೇ ಇರುತ್ತವೆ. ಹೊರಗೆ ತೆಗೆದಾಗ ನೆಟ್ಟಗಾಗಬೇಕು. ಬಾಗಿದ ಹಾಗೇ ಉಳಿದರೆ ಅಥವಾ ರೆಕ್ಕೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅದರ ಆಯುಸ್ಸು ಮುಗಿಯಿತು. ನಮ್ಮ ಅಳಿವೆಗಳ ಮರಳು ನೀರಿಗೆ ಇದು ಇನ್ನೂ ಬೇಗ ಸವೆಯುತ್ತದೆ. ದಿನಾ ಕಡಲಿಗೆ ಹೋಗುವವರು ವರ್ಷಕ್ಕೊಮ್ಮೆ ಸುಮ್ನೆ ಬದಲಾಯಿಸಿಬಿಡಿ. ಒಂದು ರೆಕ್ಕೆ ಮುರಿದಿದ್ದರೆ ಆ ತುಂಡನ್ನು ಹುಡುಕಿ ತೆಗೆಯಲೇಬೇಕು. ಬಿಟ್ಟರೆ ನೀರು ಹೋಗುವ ದಾರಿಯಲ್ಲಿ ಮೇಲೆ ಸಿಕ್ಕಿಕೊಳ್ಳುತ್ತದೆ, ಹೊಸ ಇಂಪೆಲ್ಲರ್ ಹಾಕಿದರೂ ಎಂಜಿನ್ ಬಿಸಿಯಾಗುತ್ತದೆ. ಹೊಸದನ್ನು ಕೂರಿಸುವಾಗ ಸೋಪು ನೀರು ಹಚ್ಚಿ, ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಒಳಗೆ ಇಳಿಸಿ. ನೀರಿಲ್ಲದೆ ಸ್ಟಾರ್ಟ್ ಮಾಡಿ ನೋಡಬೇಡಿ, ಸ್ವಲ್ಪ ಹೊತ್ತಿಗೇ ರಬ್ಬರ್ ಸುಟ್ಟುಹೋಗುತ್ತದೆ.

ಇದಕ್ಕೆ ಕೆಳಗಿನ ಗೇರ್ ಭಾಗ ಬಿಚ್ಚಬೇಕಲ್ಲ, ಅದರಿಂದ ಇನ್ನೊಂದು ಲಾಭವಿದೆ. ಅಲ್ಯೂಮಿನಿಯಂ ಒಳಗೆ ಕೂತ ಸ್ಟೀಲ್ ಬೋಲ್ಟ್ ಉಪ್ಪು ನೀರಿಗೆ ಕಚ್ಚಿಕೊಳ್ಳುತ್ತದೆ. ವರ್ಷಾನುಗಟ್ಟಲೆ ಮುಟ್ಟದ ಬೋಲ್ಟ್ ಬಿಚ್ಚುವಾಗ ತುಂಡಾಗುತ್ತದೆ. ಆಮೇಲೆ ಡ್ರಿಲ್ ಮಾಡಿ ತೆಗೆಯುವ ಖರ್ಚೇ ಪಾರ್ಟಿಗಿಂತ ಜಾಸ್ತಿ. ವರ್ಷಕ್ಕೊಮ್ಮೆ ಬಿಚ್ಚಿ, ಮೆರೈನ್ ಗ್ರೀಸ್ ಹಚ್ಚಿ ಹಾಕಿದರೆ ಈ ತೊಂದರೆ ಇಲ್ಲ. ನಿಮ್ಮ ಅಣ್ಣನಿಗೆ ಇದನ್ನು ಹೇಳಿ. ಬಿಚ್ಚದೇ ಇಡುವುದೇ ಎಂಜಿನ್ ಕೆಡಿಸುತ್ತದೆ.

ಗೇರ್ ಆಯಿಲ್ ಇಳಿಸುವಾಗ ಬಣ್ಣ ನೋಡಿ. ಹಾಲು ಹಾಕಿದ ಚಹಾದ ಹಾಗಿದ್ದರೆ ನೀರು ತಡೆಯುವ ಸೀಲ್ ಹೋಗಿದೆ, ನೀರು ಒಳಗೆ ಬಂದಿದೆ. ಸೀಲ್ ಹಾಕದೆ ಬರೀ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ. ದೋಣಿಯನ್ನು ಮುಂದೆ ತಳ್ಳುವ ಫ್ಯಾನಿನ ಶಾಫ್ಟಿಗೆ ಬಲೆಯ ನೂಲು ಸುತ್ತಿದೆಯಾ ಅಂತಲೂ ನೋಡಿ, ಸೀಲನ್ನು ಕೊರೆಯುವುದು ಹೆಚ್ಚಾಗಿ ಅದೇ. ಹೊಸ ಆಯಿಲನ್ನು ಕೆಳಗಿನ ತೂತಿನಿಂದ ತುಂಬಿಸಿ, ಮೇಲಿನ ತೂತಿನಿಂದ ಹೊರಬರುವವರೆಗೆ. ಎರಡು ಸ್ಕ್ರೂಗಳಿಗೂ ಹೊಸ ವಾಷರ್ ಹಾಕಿ.

ಪೆಟ್ರೋಲ್ ಪೈಪು ಮತ್ತು ಕೈಯಲ್ಲಿ ಒತ್ತುವ ಬಲ್ಬ್ ಆರು ವರ್ಷ ಹಳೆಯದಾಗಿದ್ದರೆ ಯೋಚನೆ ಮಾಡಬೇಡಿ, ತೆಗೆದು ಹೊಸದು ಹಾಕಿ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುತ್ತದೆ, ಹಳೇ ರಬ್ಬರಿಗೆ ಅದು ಆಗುವುದಿಲ್ಲ. ಹೊರಗೆ ಚೆನ್ನಾಗಿ ಕಾಣುವ ಪೈಪಿನ ಒಳಪದರ ಸುಲಿದು ಕಾರ್ಬುರೇಟರಿಗೆ ಹೋಗುತ್ತದೆ. ಫಿಲ್ಟರನ್ನೂ ಜೊತೆಗೇ ಬದಲಾಯಿಸಿ.

ಎಂಜಿನ್‌ಗೆ ಹಾಕಿರುವ ಝಿಂಕ್ ತುಂಡು ಉಪ್ಪು ನೀರಿಗೆ ತಾನು ಕರಗಿ ಎಂಜಿನ್ ಲೋಹವನ್ನು ಉಳಿಸುತ್ತದೆ. ಅದು ಅರ್ಧ ಕರಗಿದ್ದರೆ ಹೊಸದು ಹಾಕಿ. ಸ್ವಲ್ಪವೂ ಕರಗಿಲ್ಲ ಅಂದರೆ ಖುಷಿಪಡಬೇಡಿ. ಪೇಂಟ್ ಮೆತ್ತಿಕೊಂಡೋ, ಲೋಹಕ್ಕೆ ಸರಿಯಾಗಿ ತಾಗದೆಯೋ ಅದು ಕೆಲಸವನ್ನೇ ಮಾಡುತ್ತಿಲ್ಲ. ಅದರ ಬದಲು ನಿಮ್ಮ ಎಂಜಿನ್ ಕರಗುತ್ತಿರುತ್ತದೆ.

ಕಾಯಿಲ್, ಕಾರ್ಬುರೇಟರ್, ಪಿಸ್ಟನ್ ರಿಂಗ್ ಇವನ್ನೆಲ್ಲ ಲಕ್ಷಣ ಕಾಣದೆ ಮುಟ್ಟಬೇಡಿ, ದುಡ್ಡು ದಂಡ. ಹೊಸ ಸ್ಪಾರ್ಕ್ ಪ್ಲಗ್ ಹಾಕಿದಾಗ ತೆಗೆದ ಪ್ಲಗ್ ಚೆನ್ನಾಗಿದ್ದರೆ ದೋಣಿಯಲ್ಲಿ ಇಟ್ಟುಕೊಳ್ಳಿ. ಹಳೇ ಇಂಪೆಲ್ಲರನ್ನು ಮಾತ್ರ ಇಡಬೇಡಿ, ಬಿಸಾಡಿ.

ಎಲ್ಲ ಜೋಡಿಸಿದ ಮೇಲೆ ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಸ್ಟಾರ್ಟ್ ಮಾಡಿ. ಎಂಜಿನ್ ಪಕ್ಕದ ಸಣ್ಣ ತೂತಿನಿಂದ, ಪಂಪ್ ಎತ್ತಿದ ನೀರು ಒಂದೇ ಸಮನೆ ಚಿಮ್ಮಬೇಕು. ಸಣ್ಣಗೆ ಬಂದರೆ ಎಂಜಿನ್ ನಿಲ್ಲಿಸಿ ತೆಳು ತಂತಿಯಿಂದ ತೂತು ಬಿಡಿಸಿ ನೋಡಿ, ಉಪ್ಪು ಕಟ್ಟಿರಬಹುದು. ಆಮೇಲೂ ಹಾಗೇ ಇದ್ದರೆ ಪಂಪ್ ಮತ್ತೆ ಬಿಚ್ಚಿ. ಅದು ಸರಿಯಾಗುವವರೆಗೆ ಅಳಿವೆ ಕಡೆ ಹೋಗಬೇಡಿ.