ಯಾರು ಬಂದರು ಸರಿ, ಯಾರು ಉಳಿದರು?

ಅಮೆರಿಕದ ಕಾಲೇಜು ಕ್ರೀಡೆಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಫುಟ್ಬಾಲ್ ಬಗ್ಗೆ ಕೇಳಿದವೇ ಜಾಸ್ತಿ. ಇಲ್ಲಿ ಫುಟ್ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ನಾನಿರುವುದು ಮಿಷಿಗನ್ ರಾಜ್ಯದ ಆನ್ ಆರ್ಬರ್ ಹತ್ತಿರ. ಮಿಷಿಗನ್ ವಿಶ್ವವಿದ್ಯಾಲಯದ ತಂಡಗಳ ಅಭಿಮಾನಿ. ಅದನ್ನು ಮೊದಲೇ ಹೇಳಿದರೆ ಒಳ್ಳೆಯದು, ನನ್ನ ಮಾತಿನಲ್ಲಿ ಎಲ್ಲಾದರೂ ಆ ಕಡೆಯ ಒಲವು ಕಂಡರೆ ನಿಮಗೆ ಕಾರಣ ಗೊತ್ತಿರುತ್ತದೆ.

ಪ್ರಶ್ನೆ: ಮೇಡಂ, ನಾನು ಟೆಕ್ಸಾಸ್‌ನಲ್ಲಿ ಓದಿದವನು. ಈ ವರ್ಷ ನಮ್ಮ ತಂಡ ಹೈಸ್ಕೂಲಿನಿಂದ ಒಳ್ಳೊಳ್ಳೆ ಹುಡುಗರನ್ನು ತಂದಿದೆ. ರಿಕ್ರೂಟಿಂಗ್ ಪಟ್ಟಿಯಲ್ಲಿ ಮೇಲಿನ ಐದರೊಳಗೆ ಇದ್ದೇವೆ. ಚಾಂಪಿಯನ್‌ಷಿಪ್ ಆಸೆ ಇಟ್ಟುಕೊಳ್ಳಬಹುದಾ?
— ಡಾಲಸ್‌ನ ಓದುಗರು

ಉತ್ತರ: ಆಸೆ ಇಟ್ಟುಕೊಳ್ಳಿ, ಆದರೆ ಈ ವರ್ಷಕ್ಕೆ ಅಲ್ಲ. ಆ ಪಟ್ಟಿ ಹೇಳುವುದು 17, 18 ವರ್ಷದ ಹುಡುಗರ ಬಗ್ಗೆ. ಅವರು ಆಡಿದ್ದು ತಮ್ಮ ವಯಸ್ಸಿನವರ ಎದುರು. ಸೆಪ್ಟೆಂಬರ್‌ನಲ್ಲಿ ಅವರ ಎದುರಿಗೆ ನಿಲ್ಲುವವರು ನಾಲ್ಕೈದು ವರ್ಷ ತೂಕ ಎತ್ತಿ ಮೈ ಬೆಳೆಸಿದ, 22–23 ವರ್ಷದ ಗಂಡಸರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ, ಅಂದರೆ ಐದು ಸ್ಟಾರ್ ಸಿಕ್ಕ ಹುಡುಗನೂ ಮೊದಲ ವರ್ಷ ಅಲ್ಲಿ ತಡಬಡಾಯಿಸುತ್ತಾನೆ. ಅದು ಅವನ ತಪ್ಪಲ್ಲ.

ನಿಮ್ಮ ರಾಜ್ಯದ್ದೇ ಉದಾಹರಣೆ ಇದೆ. 2022ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತಂದ ಹುಡುಗರ ಗುಂಪು ದೇಶದಲ್ಲೇ ನಂಬರ್ ಒನ್. ಅಂಥ ಗುಂಪನ್ನು ಯಾರೂ ತಂದಿರಲಿಲ್ಲ ಎಂದು ಎಲ್ಲ ಕಡೆ ಬರೆದರು. ಆ ವರ್ಷ ತಂಡ 5 ಗೆದ್ದು 7 ಸೋತಿತು. ತಮ್ಮದೇ ಮೈದಾನದಲ್ಲಿ ಆಪಲೇಚಿಯನ್ ಸ್ಟೇಟ್ ಎಂಬ ಚಿಕ್ಕ ತಂಡದ ಎದುರು 17–14ರಲ್ಲಿ ಸೋತರು. ಆ ಗುಂಪಿನ ಬಹಳಷ್ಟು ಹುಡುಗರು ಒಂದೆರಡು ವರ್ಷದಲ್ಲಿ ಬೇರೆ ಕಾಲೇಜು ಸೇರಿಕೊಂಡರು. 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಷರ್ ಅವರನ್ನು ತೆಗೆದುಹಾಕಿದರು. ಒಪ್ಪಂದ ಮುರಿದದ್ದಕ್ಕೆ ವಿಶ್ವವಿದ್ಯಾಲಯ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಜಾಸ್ತಿ.

ಹಾಗಂತ ಪ್ರತಿಭೆ ಬೇಡವೇ? ಖಂಡಿತ ಬೇಕು. ಓಹಾಯೊ ಸ್ಟೇಟ್, ಜಾರ್ಜಿಯಾ, ಅಲಬಾಮಾ ವರ್ಷ ವರ್ಷವೂ ಮೇಲಿರುವುದು ಸುಮ್ನೆ ಅಲ್ಲ. ಆದರೆ ನಾನು ಒಂದು ತಂಡದ ಸೀಸನ್ ಹೇಗಿರಬಹುದು ಎಂದು ಅಂದಾಜು ಮಾಡುವಾಗ ಮೊದಲು ನೋಡುವುದು ಬಂದವರ ಪಟ್ಟಿಯನ್ನಲ್ಲ, ಉಳಿದವರ ಪಟ್ಟಿಯನ್ನು. 2024ರ ಓಹಾಯೊ ಸ್ಟೇಟ್ ತಂಡವನ್ನೇ ತೆಗೆದುಕೊಳ್ಳಿ. ಜ್ಯಾಕ್ ಸಾಯರ್, ಜೆ.ಟಿ. ಟುಯಿಮೊಲೊಆವ್, ಎಮೆಕಾ ಎಗ್ಬುಕಾ, ಟ್ರೆವೆಯಾನ್ ಹೆಂಡರ್ಸನ್ ಇವರೆಲ್ಲ ಒಂದು ವರ್ಷ ಮೊದಲೇ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗಬಹುದಿತ್ತು. ಹೋಗಲಿಲ್ಲ. ಇನ್ನೊಂದು ವರ್ಷ ಉಳಿದರು, ಚಾಂಪಿಯನ್ನರಾದರು. ಅದರ ಹಿಂದಿನ ವರ್ಷ ನಮ್ಮ ಮಿಷಿಗನ್ 15–0 ಆದದ್ದೂ ಹೀಗೆಯೇ. ಬ್ಲೇಕ್ ಕೋರಮ್ ಮೊಣಕಾಲಿನ ಗಾಯದ ನಂತರ ವಾಪಸು ಬಂದು ಆ ಸೀಸನ್‌ನಲ್ಲಿ ಓಡಿಯೇ 27 ಟಚ್‌ಡೌನ್ ಮಾಡಿದ, ಅಂದರೆ 27 ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ. ಆ ವರ್ಷ ದೇಶದಲ್ಲಿ ಅಷ್ಟು ಯಾರೂ ಮಾಡಲಿಲ್ಲ.

ಇಂಡಿಯಾನಾ ಕಥೆ ಇನ್ನೂ ಸೊಗಸು. 2023ರಲ್ಲಿ ಅವರದು 3 ಗೆಲುವು, 9 ಸೋಲು. ಹೊಸ ಕೋಚ್ ಕರ್ಟ್ ಸಿಗ್ನೆಟ್ಟಿ ಬಂದರು. ಬರುವಾಗ ತಮ್ಮ ಹಳೆಯ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ 13 ಆಟಗಾರರು ಜೊತೆಗೆ ಬಂದರು. ಸ್ಟಾರ್ ಲೆಕ್ಕದಲ್ಲಿ ಯಾರೂ ತಿರುಗಿ ನೋಡುವಂಥವರಲ್ಲ. ಆದರೆ ಒಬ್ಬರಿಗೊಬ್ಬರು ಗೊತ್ತು, ಕೋಚ್ ಏನು ಕೇಳುತ್ತಾರೆ ಅನ್ನುವುದು ಗೊತ್ತು. 2024ರಲ್ಲಿ 11–2 ಮಾಡಿ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ತಲುಪಿದರು. ಕಾಲೇಜು ಬದಲಾಯಿತು, ಜೊತೆ ಮುರಿಯಲಿಲ್ಲ.

ನಿಮ್ಮ ತಂಡದ ವಿಷಯಕ್ಕೆ ಬಂದರೆ, ಮೊದಲು ಆಫೆನ್ಸಿವ್ ಲೈನ್ ನೋಡಿ, ಅಂದರೆ ಎದುರಾಳಿಗಳನ್ನು ತಡೆಯಲು ಮುಂದೆ ಸಾಲಾಗಿ ನಿಲ್ಲುವ ಐವರನ್ನು. ಕಳೆದ ವರ್ಷ ಆಡಿದ ಐವರಲ್ಲಿ ಎಷ್ಟು ಜನ ವಾಪಸು ಬಂದಿದ್ದಾರೆ? ಟಿವಿಯಲ್ಲಿ ಅವರ ಹೆಸರು ಕೇಳಿಬರುವುದೇ ಅಪರೂಪ, ಆದರೆ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಉಳಿಯುವುದು ಅವರಿಂದ. ಆಮೇಲೆ ಕ್ವಾರ್ಟರ್‌ಬ್ಯಾಕ್ ಹಳಬನೇ ಅಂತ ನೋಡಿ. ಆಮೇಲೆ ವೇಳಾಪಟ್ಟಿ, ಅದರಲ್ಲೂ ಕಷ್ಟದ ಪಂದ್ಯಗಳು ಮನೆಯ ಮೈದಾನದಲ್ಲಿವೆಯಾ, ಹೊರಗಾ ಅಂತ. ಇಷ್ಟು ನೋಡಿದ ಮೇಲೆ ರಿಕ್ರೂಟಿಂಗ್ ಪಟ್ಟಿ ತೆಗೆಯಿರಿ.

ಪ್ರಶ್ನೆ: ಆಂಟಿ, ಒಬ್ಬ ಹುಡುಗ ನಮ್ಮ ಕಾಲೇಜಿಗೇ ಬರುತ್ತೇನೆ ಎಂದು ಎಲ್ಲರ ಎದುರು ಹೇಳಿ, ಕೊನೆಯಲ್ಲಿ ಬೇರೆ ಕಡೆ ಸಹಿ ಹಾಕಿದ. ನನ್ನ ಫ್ರೆಂಡ್ಸ್ ಎಲ್ಲ ಅವನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಬೈದು ಮೆಸೇಜ್ ಹಾಕಿದರು. ಇದು ಮೋಸ ಅಲ್ವಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಲೂಯಿಸಿಯಾನಾ

ಉತ್ತರ: ಮೋಸ ಅಲ್ಲಪ್ಪ. ಬಾಯಿಮಾತಿನ ಕಮಿಟ್‌ಮೆಂಟ್ ಯಾರನ್ನೂ ಕಟ್ಟಿಹಾಕುವುದಿಲ್ಲ. ಹುಡುಗನನ್ನೂ ಇಲ್ಲ, ಕೋಚ್‌ನನ್ನೂ ಇಲ್ಲ. ಕಾಗದದ ಮೇಲೆ ಸಹಿ ಬಿದ್ದ ದಿನವೇ ಲೆಕ್ಕ. ಫುಟ್ಬಾಲ್‌ನಲ್ಲಿ ಆ ದಿನ ಮೊದಲು ಬರುವುದು ಡಿಸೆಂಬರ್‌ನಲ್ಲಿ. ಅದಾದ ಮೇಲೆ ಫೆಬ್ರವರಿಯಲ್ಲಿ ಇನ್ನೊಂದು ಅವಕಾಶ ಇರುತ್ತದೆ.

ನೀನಿರುವ ರಾಜ್ಯ ನೋಡಿದರೆ ನಿನಗೆ ಬ್ರೈಸ್ ಅಂಡರ್‌ವುಡ್ ವಿಷಯ ಗೊತ್ತಿರಬೇಕು. 2024ರ ಜನವರಿಯಲ್ಲಿ ನಿಮ್ಮ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ (ಎಲ್‌ಎಸ್‌ಯು) ಮಾತು ಕೊಟ್ಟ, ನವೆಂಬರ್‌ನಲ್ಲಿ ಮನಸ್ಸು ಬದಲಿಸಿ ಮಿಷಿಗನ್‌ಗೆ ಬಂದ. ಅವನ ಹೈಸ್ಕೂಲು ಬೆಲ್‌ವಿಲ್‌ನಲ್ಲಿ, ಆನ್ ಆರ್ಬರ್‌ಗೆ ಹತ್ತಿರ. ನನಗೆ ಖುಷಿಯಾಯಿತು, ನಿನಗೆ ಬೇಜಾರಾಗಿರುತ್ತದೆ. ಎರಡೂ ಸಹಜ.

ಆದರೆ ಕೋಚ್‌ಗಳು ಏನು ಮಾಡುತ್ತಾರೆ ಅಂತಲೂ ನೋಡು. 2024ರ ಜನವರಿಯಲ್ಲಿ ಮಿಷಿಗನ್ ಚಾಂಪಿಯನ್ ಆಯಿತು. ಅದೇ ತಿಂಗಳು ಜಿಮ್ ಹಾರ್ಬೊ ಎನ್‌ಎಫ್‌ಎಲ್‌ನ ಚಾರ್ಜರ್ಸ್ ತಂಡಕ್ಕೆ ಹೋದರು. ಅದೇ ತಿಂಗಳು ಅಲಬಾಮಾದಲ್ಲಿ ನಿಕ್ ಸೇಬನ್ ನಿವೃತ್ತರಾದರು. ಅವರನ್ನು ನಂಬಿ ಬಂದಿದ್ದ ಕೇಲೆಬ್ ಡೌನ್ಸ್ ಎಂಬ ಹುಡುಗ ಓಹಾಯೊ ಸ್ಟೇಟ್‌ಗೆ ಹೋದ. ದೊಡ್ಡವರು ತಮ್ಮ ಜೀವನ ನೋಡಿಕೊಂಡರೆ ತಪ್ಪಿಲ್ಲ, 18ರ ಹುಡುಗ ನೋಡಿಕೊಂಡರೆ ಮಾತ್ರ ಮೋಸವೇ?

ನಿನ್ನ ಫ್ರೆಂಡ್ಸ್‌ಗೆ ಹೇಳು, ಆ ಮೆಸೇಜುಗಳನ್ನು ಇವತ್ತೇ ಡಿಲೀಟ್ ಮಾಡಲಿ. ಆ ಹುಡುಗನ ಅಮ್ಮ ಅವನ್ನು ಓದುತ್ತಾಳೆ. ಇನ್ನೂ ಒಂದು ಮಾತು. ನಿಮ್ಮ ಕಾಲೇಜಿಗೆ ಬರುವುದೋ ಬೇಡವೋ ಎಂದು ಯೋಚಿಸುತ್ತಿರುವ ಮುಂದಿನ ವರ್ಷದ ಹುಡುಗರೂ ಅವನ್ನು ನೋಡುತ್ತಿರುತ್ತಾರೆ.

ಪ್ರಶ್ನೆ: ರೆಡ್‌ಶರ್ಟ್ ಎಂದರೇನು?
— ಹಲವರು ಕೇಳಿದ್ದಾರೆ

ಉತ್ತರ: ಒಂದು ವರ್ಷ ತಂಡದ ಜೊತೆ ಅಭ್ಯಾಸ ಮಾಡುತ್ತಾ, ಪಂದ್ಯ ಆಡದೆ, ಕಾಲೇಜಿಗೆ ಆಡಲು ಸಿಗುವ ವರ್ಷಗಳಲ್ಲಿ ಅದು ಖರ್ಚಾಗದಂತೆ ಉಳಿಸಿಕೊಳ್ಳುವುದು. 2018ರಿಂದ ಫುಟ್ಬಾಲ್‌ನಲ್ಲಿ 4 ಪಂದ್ಯದವರೆಗೆ ಆಡಿದರೂ ಆ ವರ್ಷ ಉಳಿಯುತ್ತದೆ. ಇದನ್ನು ಶಿಕ್ಷೆ ಎಂದುಕೊಳ್ಳಬೇಡಿ. ಲೈನ್‌ನಲ್ಲಿ ಆಡುವ ಹುಡುಗರಿಗಂತೂ ಆ ಒಂದು ವರ್ಷ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಅಮ್ಮಾ, ನಾನು ನಿವೃತ್ತ ಮೇಷ್ಟ್ರು. ಮಗನ ಮನೆಗೆ ಬಂದಾಗ ಟಿವಿಯಲ್ಲಿ ಈ ಆಟಗಳನ್ನು ನೋಡುತ್ತೇನೆ. ಈಗ ವಿದ್ಯಾರ್ಥಿಗಳಿಗೆ ಕಾಲೇಜೇ ಹಣ ಕೊಡುತ್ತದಂತೆ. ಓದಲು ಬಂದವರಿಗೆ ಸಂಬಳ ಕೊಡುವುದು ಸರಿಯೇ?
— ನ್ಯೂಜೆರ್ಸಿ

ಉತ್ತರ: ಮೇಷ್ಟ್ರೇ, ನನ್ನ ಅಭಿಪ್ರಾಯದಲ್ಲಿ ಸರಿ. ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನಕ್ಕೆ ಜಾಗ ಇದೆ. ಟಿಕೆಟ್ ಹಣ, ಟಿವಿ ಹಣ, ಅಂಗಿ ಟೋಪಿ ಮಾರಿದ ಹಣ ಎಲ್ಲ ಕಾಲೇಜಿಗೆ ಬರುತ್ತದೆ. ಕೋಚ್‌ಗೆ ಕೋಟಿಗಟ್ಟಲೆ ಸಂಬಳ. ಮೈ ಮುರಿದುಕೊಂಡು ಆಡುವವನು ಮಾತ್ರ ತನ್ನ ಹಸ್ತಾಕ್ಷರ ಮಾರಿ ನಾಲ್ಕು ಕಾಸು ಪಡೆದರೂ ತಪ್ಪು ಎನ್ನುತ್ತಿದ್ದರು. ಅದು ಅನ್ಯಾಯ.

ಬದಲಾವಣೆ ಹಂತ ಹಂತವಾಗಿ ಬಂತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳೂ ಒಮ್ಮತದಿಂದ, ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಆಟಗಾರರಿಗೆ ಓದಿಗೆ ಸಂಬಂಧಿಸಿದ ಸವಲತ್ತು ಕೊಡಲು ಮಿತಿ ಹಾಕಬಾರದು ಎಂಬುದು ಆ ತೀರ್ಪು. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಗಳಿಸಲು ಅವಕಾಶ ಸಿಕ್ಕಿತು. 2025ರ ಜೂನ್ 6ರಂದು ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಂದು ದೊಡ್ಡ ರಾಜಿಗೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಕಾಲೇಜುಗಳು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಹಿಂದೆ ಆಡಿದವರಿಗೂ ಸುಮಾರು 280 ಕೋಟಿ ಡಾಲರ್ ಪರಿಹಾರ, 10 ವರ್ಷಗಳಲ್ಲಿ.

ನನಗೆ ಹೆದರಿಕೆ ಇರುವುದು ಬೇರೆ ಕಡೆ. ಆ ಹಣದ ಬಹುಪಾಲು ಫುಟ್ಬಾಲ್‌ಗೆ, ಗಂಡು ಹುಡುಗರ ಬ್ಯಾಸ್ಕೆಟ್‌ಬಾಲ್‌ಗೆ ಹೋಗುತ್ತದೆ. ಈಜು, ಕುಸ್ತಿ, ಟೆನಿಸ್, ಜಿಮ್ನಾಸ್ಟಿಕ್ಸ್‌ಗೆ ಎಲ್ಲಿಂದ ಉಳಿಯಬೇಕು? ಅಮೆರಿಕದ ಒಲಿಂಪಿಕ್ ಈಜುಗಾರರಲ್ಲಿ ಬಹುತೇಕರು ತಯಾರಾಗುವುದು ಈ ಕಾಲೇಜು ಕೊಳಗಳಲ್ಲೇ. ನಿಮ್ಮ ಮಗ ಓದಿದ ಕಾಲೇಜಿಗೆ ಏನಾದರೂ ದೇಣಿಗೆ ಕೊಡುವವರಿದ್ದರೆ, ಇಂಥ ಒಂದು ತಂಡದ ಹೆಸರು ಬರೆದು ಅದಕ್ಕೇ ಕೊಡಲು ಹೇಳಿ. ಅಲ್ಲಿ ಸಣ್ಣ ಮೊತ್ತಕ್ಕೂ ಬೆಲೆ ಇದೆ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ, ಟೆನಿಸ್ ಚೆನ್ನಾಗಿ ಆಡುತ್ತಾಳೆ. ಅಮೆರಿಕದ ಕಾಲೇಜುಗಳು ನಮ್ಮ ಮಕ್ಕಳನ್ನು ತೆಗೆದುಕೊಳ್ಳುತ್ತವೆಯೇ? ಒಬ್ಬ ಏಜೆಂಟ್ ಸ್ಕಾಲರ್‌ಷಿಪ್ ಗ್ಯಾರಂಟಿ ಎಂದು ಹಣ ಕೇಳುತ್ತಿದ್ದಾನೆ.
— ಮೈಸೂರಿನ ಒಬ್ಬ ತಂದೆ

ಉತ್ತರ: ಏಜೆಂಟ್‌ಗೆ ಹಣ ಕೊಡಬೇಡಿ. ಗ್ಯಾರಂಟಿ ಕೊಡುವ ಅಧಿಕಾರ ಕೋಚ್ ಮತ್ತು ಕಾಲೇಜು ಬಿಟ್ಟು ಬೇರೆ ಯಾರಿಗೂ ಇಲ್ಲ.

ತೆಗೆದುಕೊಳ್ಳುತ್ತವೆಯೇ ಎಂದರೆ, ಖಂಡಿತ. ನಿಮ್ಮ ಊರಿನಲ್ಲೇ ಹುಟ್ಟಿದ ವಿಕಾಸ್ ಗೌಡ ಇಲ್ಲಿ ಬೆಳೆದು, ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯಕ್ಕೆ ಆಡಿ 2006ರಲ್ಲಿ ಡಿಸ್ಕಸ್ ಎಸೆತದಲ್ಲಿ ಎನ್‌ಸಿಎಎ ಚಾಂಪಿಯನ್ ಆದರು. 2014ರಲ್ಲಿ ಕಾಮನ್‌ವೆಲ್ತ್ ಚಿನ್ನ ತಂದರು. ಟೆನಿಸ್‌ನಲ್ಲಿ ಸೋಮದೇವ್ ದೇವವರ್ಮನ್ ಭಾರತದಿಂದ ಬಂದು ವರ್ಜೀನಿಯಾ ಪರವಾಗಿ 2007 ಮತ್ತು 2008ರಲ್ಲಿ ಸಿಂಗಲ್ಸ್ ಗೆದ್ದರು. ಹೈಜಂಪ್‌ನಲ್ಲಿ ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ಗೆ ಎರಡು ಸಲ ಗೆದ್ದುಕೊಟ್ಟರು.

ಈಗಿನಿಂದಲೇ ಮಾಡಬೇಕಾದ್ದು ಇಷ್ಟು. ಆಟಗಾರರ ಮಟ್ಟವನ್ನು ಅಂಕಿಯಲ್ಲಿ ಹೇಳುವ ಯುಟಿಆರ್ ರೇಟಿಂಗ್ ಸಿಗುವ ಟೂರ್ನಿಗಳಲ್ಲಿ ಆಡಲಿ, ಕೋಚ್‌ಗಳು ಮೊದಲು ಕೇಳುವುದೇ ಅದನ್ನು. ಒಂದು ವಿಡಿಯೊ ಮಾಡಿ. ಒಳ್ಳೆಯ ಹೊಡೆತಗಳನ್ನು ಮಾತ್ರ ಕತ್ತರಿಸಿ ಜೋಡಿಸಬೇಡಿ, ಒಂದು ಪೂರ್ತಿ ಸೆಟ್ ಇರಲಿ, ಪಾಯಿಂಟ್ ಕಳೆದುಕೊಂಡ ಮೇಲೆ ಅವಳು ಹೇಗೆ ನಡೆದುಕೊಳ್ಳುತ್ತಾಳೆ ಅನ್ನುವುದೂ ಕಾಣಲಿ. ಕೋಚ್‌ಗೆ ಇಮೇಲ್ ಅವಳೇ ಬರೆಯಲಿ. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ ಒಂದರ ಕೋಚ್‌ಗಳು ಹತ್ತನೇ ತರಗತಿ ಮುಗಿದ ವರ್ಷದ ಜೂನ್ 15ಕ್ಕೆ ಮೊದಲು ಉತ್ತರ ಕೊಡುವಂತಿಲ್ಲ, ಹಾಗಾಗಿ ಉತ್ತರ ಬಾರದಿದ್ದರೆ ಅವಳು ಕುಗ್ಗಬೇಕಿಲ್ಲ. ಓದಿನಲ್ಲೂ ನಿಯಮ ಇದೆ, ಹೈಸ್ಕೂಲಿನ 16 ಮುಖ್ಯ ಕೋರ್ಸುಗಳ ಅಂಕ ನೋಡುತ್ತಾರೆ. ಪಿಯುಸಿ ಮುಗಿಸಿ ವರ್ಷಗಟ್ಟಲೆ ಟೂರ್ನಿ ಸುತ್ತಿದರೆ ಕಾಲೇಜಿಗೆ ಆಡುವ ವರ್ಷಗಳೇ ಕಳೆದುಹೋಗಬಹುದು, ಅದು ನೆನಪಿರಲಿ.

ಹಾರ್ವರ್ಡ್, ಯೇಲ್ ಮುಂತಾದವು ಇರುವ ಐವಿ ಲೀಗ್‌ನಲ್ಲೂ ಡಿವಿಷನ್ ಮೂರರಲ್ಲೂ ಕ್ರೀಡಾ ಸ್ಕಾಲರ್‌ಷಿಪ್ ಇಲ್ಲ. ಅಲ್ಲಿ ಸಿಗುವುದು ಮನೆಯ ಆದಾಯ ನೋಡಿ ಕೊಡುವ ನೆರವು, ಕೆಲವು ಕಾಲೇಜುಗಳಲ್ಲಿ ಓದಿನ ಮೇಲೆ ಕೊಡುವುದೂ ಇದೆ. ಸ್ಟೂಡೆಂಟ್ ವೀಸಾದಲ್ಲಿ ಬಂದವರಿಗೆ ಜಾಹೀರಾತಿನ ಹಣ ಸುಲಭವಲ್ಲ, ಕೆಲಸದ ನಿರ್ಬಂಧ ಅಡ್ಡ ಬರುತ್ತದೆ. ಕೋಚ್ ಜೊತೆ ಮಾತಾಡುವಾಗ ನಿಮ್ಮ ತಂಡದಲ್ಲಿ ನಾಲ್ಕು ವರ್ಷ ಪೂರ್ತಿ ಉಳಿದ ಹುಡುಗಿಯರು ಎಷ್ಟು ಎಂದು ಮಗಳು ಕೇಳಲಿ. ಆ ಉತ್ತರದಿಂದ ಬಹಳ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಮಾರ್ಚ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತಿತು. ಕೋಚ್‌ನನ್ನು ಬದಲಿಸಬೇಕು ಎಂದು ನಾನೂ ನಮ್ಮ ಯಜಮಾನರೂ ದಿನಾ ವಾದ ಮಾಡುತ್ತೇವೆ. ನೀವು ಯಾರ ಪರ?
— ಇಂಡಿಯಾನಾದ ಓದುಗರು

ಉತ್ತರ: ನಿಮ್ಮಿಬ್ಬರಲ್ಲಿ ಬದಲಿಸಬಾರದು ಎನ್ನುತ್ತಿರುವವರ ಪರ.

2018ರಲ್ಲಿ ವರ್ಜೀನಿಯಾ ಇಡೀ ಟೂರ್ನಿಯ ನಂಬರ್ ಒನ್ ತಂಡ. 16ನೇ ಶ್ರೇಯಾಂಕದ ಯುಎಂಬಿಸಿ ಎದುರು 74–54ರಲ್ಲಿ ಸೋತಿತು. ಗಂಡು ಹುಡುಗರ ಟೂರ್ನಿಯಲ್ಲಿ 16ನೆಯವರು ಒಂದನೆಯವರನ್ನು ಸೋಲಿಸಿದ್ದು ಅದೇ ಮೊದಲು. ಕೋಚ್ ಟೋನಿ ಬೆನೆಟ್ ಎಲ್ಲ ಪ್ರಶ್ನೆಗಳಿಗೂ ಕೂತು ಉತ್ತರ ಕೊಟ್ಟರು. ಕೈಲ್ ಗೈ, ಟೈ ಜೆರೋಮ್, ಗಾಯವಾಗಿ ಆ ಪಂದ್ಯ ಆಡಲಾಗದ ಡಿಆಂಡ್ರೆ ಹಂಟರ್, ಮೂವರೂ ಮುಂದಿನ ವರ್ಷಕ್ಕೆ ಉಳಿದರು. 2019ರ ಸೆಮಿಫೈನಲ್‌ನಲ್ಲಿ ಆಬರ್ನ್ ಎದುರು 0.6 ಸೆಕೆಂಡ್ ಬಾಕಿ ಇದ್ದಾಗ ಎರಡು ಪಾಯಿಂಟ್ ಹಿಂದೆ. ಕೈಲ್ ಗೈಗೆ ಮೂರು ಫ್ರೀ ಥ್ರೋ. ಮೂರನ್ನೂ ಹಾಕಿದ, 63–62. ಫೈನಲ್‌ನಲ್ಲಿ ಟೆಕ್ಸಾಸ್ ಟೆಕ್ ಎದುರು ಹೆಚ್ಚುವರಿ ಸಮಯದಲ್ಲಿ 85–77. ಸೋತ ರಾತ್ರಿಯೇ ಕೋಚ್‌ನನ್ನು ತೆಗೆದಿದ್ದರೆ ಇವರಲ್ಲಿ ಎಷ್ಟು ಜನ ಉಳಿಯುತ್ತಿದ್ದರು ಹೇಳಿ.

ಈಗ ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ಕೂಡಲೇ ಆಡಬಹುದು. ಹಾಗಾಗಿ ಇವತ್ತು ಕೋಚ್ ಹೋದರೆ ತಂಡವೇ ಖಾಲಿಯಾಗುವ ಅಪಾಯ ಇನ್ನೂ ಜಾಸ್ತಿ.

ಪ್ರಶ್ನೆ: ಅಮ್ಮ ಊರಿನಿಂದ ಬರುತ್ತಿದ್ದಾರೆ. ಒಂದು ಕಾಲೇಜು ಪಂದ್ಯ ತೋರಿಸಬೇಕು. ಫುಟ್ಬಾಲ್ ಟಿಕೆಟ್ ದುಬಾರಿ, ಅಮ್ಮನಿಗೆ ಆಟವೂ ಅರ್ಥವಾಗುವುದಿಲ್ಲ. ಏನು ಮಾಡಲಿ?
— ನೆಬ್ರಾಸ್ಕಾದ ಓದುಗರು

ಉತ್ತರ: ನೀವಿರುವ ಜಾಗದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ, ಹುಡುಗಿಯರ ವಾಲಿಬಾಲ್. 2023ರ ಆಗಸ್ಟ್ 30ರಂದು ನಿಮ್ಮ ಲಿಂಕನ್‌ನ ಫುಟ್ಬಾಲ್ ಸ್ಟೇಡಿಯಂ ಒಳಗೆ ನೆಟ್ ಕಟ್ಟಿ ನೆಬ್ರಾಸ್ಕಾ, ಒಮಾಹಾ ತಂಡಗಳನ್ನು ಆಡಿಸಿದರು. ನೋಡಲು ಬಂದವರು 92,003 ಜನ. ನಮ್ಮ ಹಳ್ಳಿಗಳಲ್ಲೂ ವಾಲಿಬಾಲ್ ನೆಟ್ ಕಟ್ಟುತ್ತಾರೆ, ಅಮ್ಮನಿಗೆ ನಿಯಮ ಹೇಳಿಕೊಡುವ ಕಷ್ಟ ಇಲ್ಲ. ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್‌ವರೆಗೆ ನಡೆಯುತ್ತದೆ. ನೆಬ್ರಾಸ್ಕಾ ತಂಡದ ಟಿಕೆಟ್ ಸಿಗುವುದು ಕಷ್ಟ, ಸಿಗದಿದ್ದರೆ ಒಮಾಹಾದಲ್ಲಿ ಕ್ರೈಟನ್ ತಂಡದ ಪಂದ್ಯ ನೋಡಿ, ಅವರೂ ಬಹಳ ಚೆನ್ನಾಗಿ ಆಡುತ್ತಾರೆ. ಅಂಕಣದ ಪಕ್ಕದ ಬದಲು ತುದಿಯ ಗೆರೆಯ ಹಿಂದೆ, ಸ್ವಲ್ಪ ಎತ್ತರದಲ್ಲಿ ಸೀಟು ತೆಗೆದುಕೊಳ್ಳಿ. ಬ್ಲಾಕ್‌ಗೆ ಮೂವರು ಒಟ್ಟಿಗೆ ಹಾರುವುದು, ಹಿಂದಿನವರು ಅದನ್ನು ನೋಡಿ ಜಾಗ ಬದಲಿಸುವುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.