ಅಭ್ಯಾಸಕ್ಕೆಂದು ಸೇರಿದ ಕೆಮಿಸ್ಟ್ರಿ ಕ್ಲಾಸು

ಪ್ರೀಮೆಡ್ ಪೋಸ್ಟ್‌ಬ್ಯಾಕ್‌ಗೆ, ಅಂದರೆ ಬೇರೆ ಡಿಗ್ರಿ ಮುಗಿಸಿದವರು ಅಮೆರಿಕದಲ್ಲಿ ಮೆಡಿಕಲ್ ಸೇರಲು ಬೇಕಾದ ವಿಜ್ಞಾನ ಓದುವ ಕೋರ್ಸಿಗೆ, ಚಿಕ್ಕ ಕಾಲೇಜೋ ದೊಡ್ಡ ಯೂನಿವರ್ಸಿಟಿಯೋ, ಸೀಟು ಸಿಗುವವರೆಗೆ ಕಮ್ಯುನಿಟಿ ಕಾಲೇಜಿನಲ್ಲಿ (ಊರಿನ ಎರಡು ವರ್ಷದ ಸಾರ್ವಜನಿಕ ಕಾಲೇಜು) ಸಂಜೆ ಕೆಮಿಸ್ಟ್ರಿ ಓದಲಾ ಅಂತ ಕೇಳಿದ್ದೀರಿ. ಆ ಕೊನೆಯ ಮಾತು ಓದಿ ಎದೆ ಧಸಕ್ಕೆಂದಿತು. ನಾನು ಮಾಡಿದ್ದು ಅದನ್ನೇ.

2016ರಲ್ಲಿ ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ. ವಯಸ್ಸು 28. ನಿಮ್ಮ ಹಾಗೆಯೇ ಇಲ್ಲೇ ಎಕನಾಮಿಕ್ಸ್ ಡಿಗ್ರಿ ಮುಗಿಸಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಡಾಕ್ಟರ್ ಆಗ್ತೀನಿ ಅಂದಾಗ ಅಮ್ಮ, "ಈ ವಯಸ್ಸಿಗೆ ಮತ್ತೆ ಕಾಲೇಜಾ?" ಅಂದರು. ನನ್ನಿಂದ ಆಗುತ್ತೆ ಅಂತ ಅವರಿಗೆ ತೋರಿಸಬೇಕಿತ್ತು. ಅದಕ್ಕೇ ಸಂಜೆಯ ಕೆಮಿಸ್ಟ್ರಿ ಕ್ಲಾಸಿಗೆ ಸೇರಿದೆ.

ಮಧ್ಯದ ಪರೀಕ್ಷೆಯಲ್ಲಿ 58 ಬಂತು. ಕೋರ್ಸ್ ಬಿಡಲು ಇನ್ನೂ ಹತ್ತು ದಿನ ಸಮಯವಿತ್ತು. ಒಂದು ಫಾರ್ಮ್ ತುಂಬಿದ್ದರೆ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಡಬ್ಲ್ಯೂ, ಅಂದರೆ ಮಧ್ಯದಲ್ಲಿ ಬಿಟ್ಟರು ಅನ್ನೋ ಗುರುತು, ಇರುತ್ತಿತ್ತು. ಅದು ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಲೆಕ್ಕಕ್ಕೇ ಬರುವುದಿಲ್ಲ. ಆದರೆ ಆಫೀಸಿನಲ್ಲಿ ಮೂರು ತಿಂಗಳ ಲೆಕ್ಕ ಮುಗಿಸುವ ಗಡಿಬಿಡಿ. ಮುಂದಿನ ಪರೀಕ್ಷೆಯಲ್ಲಿ ಸರಿಮಾಡಿಕೊಳ್ತೀನಿ ಅಂದುಕೊಂಡೆ. ಆ ಹತ್ತು ದಿನ ಹಾಗೇ ಕಳೆದುಹೋದವು. ಸಿ ಪ್ಲಸ್ ಬಂತು.

ಆಮೇಲೆ ಅದೇ ವಿಷಯವನ್ನು ಮತ್ತೆ ಓದಿ ಎ ತೆಗೆದುಕೊಂಡೆ. ಹಳೆಯದು ಅಳಿಸಿಹೋಯಿತು ಅಂತಲೇ ನಂಬಿದ್ದೆ. ಇಲ್ಲ. ಎಂಡಿ ಕೋರ್ಸಿಗೆ (ಇಲ್ಲಿ ಡಾಕ್ಟರ್ ಆಗುವ ಮೊದಲ ಡಿಗ್ರಿಯೇ ಅದು) ಆಮ್‌ಕ್ಯಾಸ್ ಅನ್ನೋ ಅರ್ಜಿ ಸೇವೆಯ ಮೂಲಕ ಅರ್ಜಿ ಹಾಕುವಾಗ ಎರಡೂ ಸಲದ ಗ್ರೇಡ್ ಲೆಕ್ಕಕ್ಕೆ ಸೇರುತ್ತವೆ. ಅಮೆರಿಕದ ಯಾವ ಕಾಲೇಜಿನಲ್ಲಿ, ಯಾವಾಗ ಓದಿದ್ದರೂ ಸರಿ.

ಇನ್ನೊಂದು ಪೆಟ್ಟು ನನಗೆ ಗೊತ್ತೇ ಇರಲಿಲ್ಲ. ಬ್ರಿನ್ ಮಾರ್, ಗೌಚರ್, ಸ್ಕ್ರಿಪ್ಸ್‌ನಂಥ ಚಿಕ್ಕ ಕಾಲೇಜುಗಳ ಪೋಸ್ಟ್‌ಬ್ಯಾಕ್ ಇರುವುದೇ ವಿಜ್ಞಾನವನ್ನು ಹೊಸದಾಗಿ ಶುರುಮಾಡುವವರಿಗೆ. ಅರ್ಧ ಓದಿಕೊಂಡು ಹೋಗುವುದು ಅಲ್ಲಿ ಗುಣವಲ್ಲ. ನಾನು ಆಸೆಪಟ್ಟಿದ್ದ ಕಾಲೇಜು ಬೇಡ ಅಂದಿತು. 2018ರ ಬೇಸಿಗೆಯಲ್ಲಿ ಬೇರೊಂದು ಚಿಕ್ಕ ಕಾಲೇಜು ಸೇರಿಸಿಕೊಂಡಿತು. ಆದರೆ ಅದರ ಜೊತೆ ಲಿಂಕೇಜ್ ಇದ್ದ ಮೆಡಿಕಲ್ ಕಾಲೇಜಿಗೆ ವಿಜ್ಞಾನದಲ್ಲಿ ಒಂದು ಸಿ ಕೂಡ ಇರಬಾರದಿತ್ತು. ಲಿಂಕೇಜ್ ಅಂದರೆ ಪೋಸ್ಟ್‌ಬ್ಯಾಕ್ ಓದುತ್ತಿರುವಾಗಲೇ ಅರ್ಜಿ ಹಾಕಿ, ಮುಗಿದ ಕೂಡಲೇ ಮೆಡಿಕಲ್ ಸೇರುವುದು. ಸಿಗದಿದ್ದರೆ ಮಧ್ಯೆ ಒಂದು ವರ್ಷ ಕಾಯಬೇಕು. ನಾನು ಕಾದೆ. 2019ರಲ್ಲಿ ಓದು ಮುಗಿದರೂ ಮೆಡಿಕಲ್ ಸೇರಿದ್ದು 2020ರಲ್ಲಿ.

ಅದಕ್ಕೇ ಹೇಳ್ತೀನಿ, ಚಿಕ್ಕದಾ ದೊಡ್ಡದಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಕ್ಲಾಸಿನಲ್ಲಿ ಎಷ್ಟು ಜನ ಅನ್ನೋದು ಬಿಡಿ. ಲಿಂಕೇಜ್ ಯಾರ ಜೊತೆ, ಅದಕ್ಕೆ ಎಷ್ಟು ಗ್ರೇಡ್ ಬೇಕು, ಕಮಿಟಿ ಲೆಟರ್ (ಮೆಡಿಕಲ್ ಅರ್ಜಿಗೆ ಕಾಲೇಜಿನ ಸಮಿತಿ ಬರೆಯುವ ಶಿಫಾರಸು ಪತ್ರ) ಎಲ್ಲರಿಗೂ ಕೊಡ್ತಾರಾ, ಅಲ್ಲೇ ಎಷ್ಟು ಕೋರ್ಸ್ ಓದಿದವರಿಗೆ ಕೊಡ್ತಾರೆ ಅಂತ ಕೇಳಿ. ಇದಕ್ಕೆ ನೇರ ಉತ್ತರ ಕೊಡುವ ಕಾಲೇಜನ್ನೇ ಆರಿಸಿ. ಪಕ್ಕದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅನ್ನೋ ನಿಮ್ಮ ಚಿಂತೆ ಸಣ್ಣದು. ನಾನು ಶನಿವಾರ ನಲವತ್ತು ನಿಮಿಷ ಕಾರು ಓಡಿಸಿ ವಾಲಂಟಿಯರ್ ಕೆಲಸಕ್ಕೆ ಹೋಗುತ್ತಿದ್ದೆ.

ಕೆಲಸ ಇಟ್ಟುಕೊಂಡೇ ಓದ್ತೀನಿ ಅಂತಲೂ ಬರೆದಿದ್ದೀರಿ. ದಯವಿಟ್ಟು ಬೇಡ. ಇಂಥ ಪೋಸ್ಟ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಬೇಸಿಗೆಯಲ್ಲಿ ಇಡೀ ವರ್ಷದ ಕೆಮಿಸ್ಟ್ರಿ ಮುಗಿಸುತ್ತಾರೆ, ಮಧ್ಯಾಹ್ನವೆಲ್ಲ ಲ್ಯಾಬ್. ದುಡ್ಡು ಕೂಡಿಟ್ಟುಕೊಂಡು ಒಂದು ವರ್ಷ ತಡವಾಗಿ ಹೋದರೂ ಪರವಾಗಿಲ್ಲ.

ಆ ಸಂಜೆ ಕ್ಲಾಸಿಗೆ ಈಗಾಗಲೇ ಹೆಸರು ಕೊಟ್ಟಿದ್ದರೆ ಡ್ರಾಪ್ ಮಾಡುವ ಕೊನೆಯ ದಿನ ಯಾವುದು ಅಂತ ಈಗಲೇ ನೋಡಿ. ಅದು ನಾನು ಕಳೆದುಕೊಂಡ ಗಡುವಿಗಿಂತ ಬಹಳ ಮೊದಲು, ಕ್ಲಾಸು ಶುರುವಾದ ಹೊಸದರಲ್ಲೇ ಬರುತ್ತೆ. ಅದರೊಳಗೆ ಬಿಟ್ಟರೆ ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ ಕೂಡ ಬರುವುದಿಲ್ಲ.