ಘಾಟಿಯಲ್ಲಿ ಕೆಟ್ಟ ಕಾರು, ಬಾರದ ಟೋಯಿಂಗ್ ಗಾಡಿ

(ಹಾಸನದ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: ಕಾರಿನ ವಿಮೆಯ ಜೊತೆ ಹೆಚ್ಚುವರಿ ಹಣ ಕೊಟ್ಟು ‘ರಸ್ತೆ ನೆರವು’ ಸೌಲಭ್ಯ ಪಡೆದಿದ್ದರು. ಮಂಗಳೂರಿಗೆ ಹೋಗುವಾಗ ಶಿರಾಡಿ ಘಾಟಿಯ ಇಳಿಜಾರಿನಲ್ಲಿ ರಾತ್ರಿ ಕಾರು ಕೆಟ್ಟು ನಿಂತಿತು. ‘90 ನಿಮಿಷದಲ್ಲಿ ಗಾಡಿ ಬರುತ್ತದೆ’ ಎಂಬ ಮಾತು ಪ್ರತಿ ಕರೆಯಲ್ಲೂ ಅದೇ ಆಗಿತ್ತು. ಬೆಳಗಿನ ಜಾವ ಬಂದ ಚಾಲಕ ರಸೀದಿಯಿಲ್ಲದೆ 5,000 ರೂಪಾಯಿ ಕೇಳಿ ಪಡೆದ. ಆಟೊಮ್ಯಾಟಿಕ್ ಕಾರಿನ ಹಿಂಭಾಗವನ್ನು ಎತ್ತಿ, ಮುಂದಿನ ಚಕ್ರಗಳು ರಸ್ತೆಯ ಮೇಲೆ ಉರುಳುವಂತೆ ಹಾಸನಕ್ಕೆ ಎಳೆದು ತಂದ. ಈಗ ವರ್ಕ್‌ಶಾಪಿನವರು ಗೇರ್‌ಬಾಕ್ಸ್ ಹಾಳಾಗಿದೆ ಎನ್ನುತ್ತಿದ್ದಾರೆ. ‘ಯಾರನ್ನು ಕೇಳಲಿ? ಈ ಸೌಲಭ್ಯವನ್ನು ಮುಂದಿನ ವರ್ಷವೂ ಕೊಳ್ಳಬೇಕೇ?’ ಎಂಬುದು ಅವರ ಪ್ರಶ್ನೆ.)

ಮಾನ್ಯರೆ,

ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು, ಅತ್ತ ದರಿ ಇತ್ತ ಲಾರಿ ಎಂಬ ಸ್ಥಿತಿಯಲ್ಲಿ ರಾತ್ರಿ ಕಳೆದವರಿಗೆ ಸಿಟ್ಟು ಬರುವುದು ಸಹಜ. ಆದರೆ ನಿಮ್ಮ ಸಿಟ್ಟಿನ ಬಹುಪಾಲು ಆ ಚಾಲಕನ ಮೇಲಿದೆ. ಅದು ಸರಿಯಾದ ವಿಳಾಸವಲ್ಲ ಎಂಬುದು ನನ್ನ ಅಭಿಪ್ರಾಯ.

ನೀವು ಹಣ ಕೊಟ್ಟದ್ದು ವಿಮಾ ಕಂಪನಿಗೆ. ಸಾಮಾನ್ಯವಾಗಿ ಅದರ ಬಳಿ ಒಂದೂ ಟೋಯಿಂಗ್ ಗಾಡಿ ಇರುವುದಿಲ್ಲ. ಅದು ಈ ಕೆಲಸವನ್ನು ರಸ್ತೆ ನೆರವಿನದೇ ವ್ಯವಹಾರ ಮಾಡುವ ಇನ್ನೊಂದು ಸಂಸ್ಥೆಗೆ ವಹಿಸಿರುತ್ತದೆ. ಆ ಸಂಸ್ಥೆಯ ಬಳಿ ಇರುವುದು ಮುಖ್ಯವಾಗಿ ಒಂದು ಕಾಲ್ ಸೆಂಟರ್ ಮತ್ತು ಊರೂರಿನ ಕ್ರೇನ್ ಮಾಲೀಕರ ಫೋನ್ ನಂಬರುಗಳು. ನಿಮ್ಮ ಕರೆ ತೆಗೆದುಕೊಂಡ ಹುಡುಗಿಗೆ ಮಾರನಹಳ್ಳಿ ಯಾವುದು, ಗುಂಡ್ಯ ಯಾವುದು ಗೊತ್ತಿರಲಾರದು. 90 ನಿಮಿಷ ಎಂಬ ಮಾತು ಆಕೆಯ ಬಾಯಲ್ಲಿ ಬಂದಾಗ ಇತ್ತ ಒಬ್ಬ ಚಾಲಕನೂ ಒಪ್ಪಿರಲಿಕ್ಕಿಲ್ಲ. ಒಪ್ಪುವವನಿಗಾಗಿ ಆಗಷ್ಟೇ ಹುಡುಕಾಟ ಶುರುವಾಗಿರುತ್ತದೆ.

ಕ್ರೇನ್ ಮಾಲೀಕನ ಲೆಕ್ಕವನ್ನೂ ನೋಡಿ. ಅವನಿಗೆ ಸಿಗುವುದು ಮೊದಲೇ ಗೊತ್ತುಮಾಡಿದ ದರ. ಅದು ಕೈಗೆ ಬರುವುದು ಬಿಲ್ಲು ಪಾಸಾದ ಮೇಲೆ. ರಾತ್ರಿ, ಮಳೆ, ಘಾಟಿಯ ತಿರುವು, ಸಾಲುಗಟ್ಟಿದ ಲಾರಿ ಇವಕ್ಕೆಲ್ಲ ಆ ದರದಲ್ಲಿ ಹೆಚ್ಚಿನ ಬೆಲೆಯಿಲ್ಲದಿದ್ದರೆ ಅವನು ಒಂದೋ ಕರೆಯನ್ನು ಒಲ್ಲೆ ಎನ್ನುತ್ತಾನೆ, ಇಲ್ಲವೇ ಕಡಿಮೆ ಬಿದ್ದದ್ದನ್ನು ದಾರಿಯಲ್ಲಿ ನಿಂತವರಿಂದ ವಸೂಲಿ ಮಾಡುತ್ತಾನೆ. ನಿಮ್ಮ 5,000 ರೂಪಾಯಿಯ ಹಿನ್ನೆಲೆ ಬಹುಶಃ ಇದೇ. ಅವನನ್ನು ಸಮರ್ಥಿಸುತ್ತಿಲ್ಲ, ರಸೀದಿ ಕೊಡದೆ ಪಡೆದ ಹಣ ತಪ್ಪೇ. ಆದರೆ ಅವನನ್ನು ಕಳುಹಿಸಿದವರು ಯಾರು?

ಉಚಿತ ಎಳೆತಕ್ಕೆ ಇಂತಿಷ್ಟು ಕಿಲೋಮೀಟರ್ ಎಂಬ ಮಿತಿ ಇರುತ್ತದೆ. ಅದನ್ನು ಮೀರಿದರೆ ನಿಮ್ಮಿಂದ ಹಣ ಕೇಳುವುದು ಶರತ್ತಿಗೆ ಒಳಪಟ್ಟದ್ದೇ. ಆ ಕಿಲೋಮೀಟರನ್ನು ಕಾರು ನಿಂತ ಜಾಗದಿಂದ ಎಣಿಸಿದರೋ ಗಾಡಿ ಹೊರಟ ಊರಿನಿಂದಲೋ ಎಂಬುದನ್ನು ಲಿಖಿತವಾಗಿ ಕೇಳಿ. ಅನೇಕರ ಜೇಬಿಗೆ ಕತ್ತರಿ ಬೀಳುವುದು ಅಲ್ಲೇ.

ಇನ್ನು ಗೇರ್‌ಬಾಕ್ಸ್. ನಿಮ್ಮ ಪತ್ರದಲ್ಲಿ ದೊಡ್ಡ ಮೊತ್ತದ ವಿಷಯ ಇದು, ನೀವು ಮಾತ್ರ ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆಯನ್ನು ಓಡಿಸುವ ಪಂಪು ತಿರುಗುವುದು ಎಂಜಿನ್ನಿನ ಬಲದಿಂದ. ಎಂಜಿನ್ ನಿಂತಿದ್ದು ಚಕ್ರಗಳು ಮಾತ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಒಂದಕ್ಕೊಂದು ಉಜ್ಜುತ್ತವೆ. ನಿಮ್ಮದರಂತೆ ಮುಂದಿನ ಚಕ್ರಗಳಿಂದ ಓಡುವ ಕಾರನ್ನು ಮುಂಭಾಗ ಎತ್ತಿ ಒಯ್ದರೆ ಅಷ್ಟು ಅಪಾಯವಿಲ್ಲ. ನಿಮ್ಮ ಕಾರಿನ ಮೂತಿ ಮಂಗಳೂರಿನ ಕಡೆಗಿತ್ತು, ಗಾಡಿ ಸಕಲೇಶಪುರದ ಕಡೆಯಿಂದ ಬಂತು. ಕೈಗೆ ಸಿಕ್ಕ ಹಿಂಭಾಗಕ್ಕೇ ಕೊಕ್ಕೆ ಹಾಕಿದ್ದಾನೆ. ಇಂಥ ಕಾರಿಗೆ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಿಗೆ, ವಿದ್ಯುತ್ ಕಾರಿಗೆ ಬೇಕಾದದ್ದು ಇಡೀ ಕಾರನ್ನು ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಗಾಡಿ. ನೀವು ಕರೆ ಮಾಡಿದಾಗ ಮಾದರಿಯ ಹೆಸರು ಹೇಳಿದ್ದೀರಿ, ಪಾಲಿಸಿಯಲ್ಲೂ ಅದು ನಮೂದಾಗಿದೆ. ಯಾವ ಗಾಡಿ ಕಳುಹಿಸಬೇಕೆಂದು ತಿಳಿಯಬೇಕಾದವರು ಅವರು.

ಇಲ್ಲೊಂದು ಎಚ್ಚರಿಕೆ. ಇದನ್ನು ಮಾಮೂಲಿ ವಿಮಾ ಕ್ಲೇಮಿನಂತೆ ಸಲ್ಲಿಸಬೇಡಿ. ಯಾಂತ್ರಿಕ ದೋಷದಿಂದ ಕೆಟ್ಟದ್ದಕ್ಕೆ ಸಾಮಾನ್ಯ ಮೋಟಾರು ಪಾಲಿಸಿ ಪರಿಹಾರ ಕೊಡುವುದಿಲ್ಲ. ಆ ಒಂದು ಸಾಲು ತೋರಿಸಿ ಕಡತ ಮುಚ್ಚಿಬಿಡುತ್ತಾರೆ. ಪಾಲಿಸಿಯಲ್ಲಿ ಟೋಯಿಂಗಿಗೆಂದು ಸಾಮಾನ್ಯವಾಗಿ ಕಾಣುವ 1,500 ರೂಪಾಯಿ ಕೂಡ ಅಪಘಾತಕ್ಕೆ ಸಂಬಂಧಿಸಿದ್ದು, ನಿಮಗೆ ಅನ್ವಯಿಸದು. ನೀವು ಹೇಳಬೇಕಾದದ್ದು ಇಷ್ಟೇ: ಹಣ ಪಡೆದ ಸೇವೆಯನ್ನು ತಡವಾಗಿ, ತಪ್ಪು ವಾಹನದಿಂದ ಕೊಟ್ಟಿದ್ದೀರಿ, ಅದರಿಂದ ಗೇರ್‌ಬಾಕ್ಸ್ ಹಾಳಾಯಿತು. ವರ್ಕ್‌ಶಾಪಿನಿಂದ ಹಾನಿಯ ಕಾರಣವನ್ನು ಲಿಖಿತವಾಗಿ ಪಡೆಯದೆ ರಿಪೇರಿಗೆ ಒಪ್ಪಿಗೆ ಕೊಡಬೇಡಿ. ಕರೆಗಳ ಪಟ್ಟಿ ಮತ್ತು ಅವರು ಕಳುಹಿಸಿದ ಸಂದೇಶಗಳನ್ನು ಅಳಿಸಬೇಡಿ. ನಿಮ್ಮ ಮಗಳು ತೆಗೆದ ಫೋಟೋದಲ್ಲಿ ಕೊಕ್ಕೆ ಹಾಕಿದ ಹಿಂಭಾಗ ಕಾಣುತ್ತಿದ್ದರೆ ಅದು ಬಹಳ ಬೆಲೆಯುಳ್ಳದ್ದು.

ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ‘ಅದು ಬೇರೆ ಸಂಸ್ಥೆಯ ಕೆಲಸ’ ಎಂದರೆ ಒಪ್ಪಬೇಡಿ. ಪಾಲಿಸಿಯ ಹಣ ಪಡೆದವರು ಅವರೇ. ಒಂದು ತಿಂಗಳಲ್ಲಿ ಸಮಾಧಾನದ ಉತ್ತರ ಬಾರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು, ಅಲ್ಲಿ ಶುಲ್ಕವಿಲ್ಲ. ಅಥವಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ ನಿಮಗೆ ಹಾಸನವೇ ಸಾಕು. ವಕೀಲರು ಕಡ್ಡಾಯವಲ್ಲ, ಕಾಲಮಿತಿ 2 ವರ್ಷ. ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ನೀವು ಕೇಳದ ಒಂದು ಮಾತು: ರಾಷ್ಟ್ರೀಯ ಹೆದ್ದಾರಿಗಳಿಗೆ 1033 ಎಂಬ ಸಹಾಯವಾಣಿ ಇದೆ. ಟೋಲ್ ವಸೂಲಿ ಇರುವ ಹೆದ್ದಾರಿಗಳಲ್ಲಿ ಗಸ್ತು ವಾಹನವೂ ಕ್ರೇನೂ ಇರುತ್ತವೆ. ಅವರು ಕಾರನ್ನು ರಸ್ತೆಯಿಂದ ಬದಿಗೆ ಸರಿಸುತ್ತಾರೆ, ಗ್ಯಾರೇಜಿಗೆ ಮುಟ್ಟಿಸುವುದಿಲ್ಲ. ಕತ್ತಲೆಯ ತಿರುವಿನಲ್ಲಿ ಬದಿಗೆ ಸರಿಸಿದರೂ ಸಾಕು. ಜೀವಕ್ಕೆ ಅಪಾಯ ಎನ್ನಿಸಿದರೆ 112. ಶಿರಾಡಿಯಲ್ಲಿ ಮೊಬೈಲ್ ಸಿಗ್ನಲ್ ಸಿಗುವ ಜಾಗ ಹುಡುಕುವುದೇ ಒಂದು ಸಾಹಸ, ಅದು ಬೇರೆ ಮಾತು.

ಮುಂದಿನ ವರ್ಷ ಕೊಳ್ಳಬೇಕೇ? ಊರೊಳಗಿನ ಓಡಾಟಕ್ಕೆ, ಬ್ಯಾಟರಿ ಸತ್ತಾಗ, ಟೈರ್ ಪಂಕ್ಚರ್ ಆದಾಗ ಇವು ಕೆಲಸಕ್ಕೆ ಬರುತ್ತವೆ, ದುಬಾರಿಯೂ ಅಲ್ಲ. ಘಾಟಿಗೆ ನಂಬುವುದಾದರೆ ನಾನು ಒಂದೇ ಶರತ್ತು ಹುಡುಕುತ್ತೇನೆ: ನಿಗದಿತ ಹೊತ್ತಿನಲ್ಲಿ ಅವರ ಗಾಡಿ ಬಾರದಿದ್ದರೆ ನಾನೇ ಗೊತ್ತುಮಾಡಿದ ಗಾಡಿಯ ಹಣವನ್ನು ರಸೀದಿಯ ಮೇಲೆ ಮರಳಿಸುತ್ತಾರೆಯೇ? ಹಲವು ಯೋಜನೆಗಳು ಇದಕ್ಕೆ ಮೊದಲೇ ಅನುಮತಿ ಕೇಳುತ್ತವೆ, ಆ ಅನುಮತಿ ಕೊಡಬೇಕಾದದ್ದು ಅದೇ ಕಾಲ್ ಸೆಂಟರ್. ಈ ಶರತ್ತು ಇಲ್ಲದಿದ್ದರೆ ಆ ಹಣ ಉಳಿಸಿ. ಸಕಲೇಶಪುರದಲ್ಲಿ ಒಬ್ಬ, ಉಪ್ಪಿನಂಗಡಿಯಲ್ಲಿ ಒಬ್ಬ ಫ್ಲ್ಯಾಟ್‌ಬೆಡ್ ಮಾಲೀಕರ ನಂಬರು ಬರೆದಿಟ್ಟುಕೊಳ್ಳಿ, ಹಗಲಲ್ಲೇ ದರ ಕೇಳಿಟ್ಟುಕೊಳ್ಳಿ.

ಕಂಪನಿಯಿಂದ ಬಂದ ಉತ್ತರವನ್ನು ನಮಗೂ ಕಳುಹಿಸಿ, ಪ್ರಕಟಿಸುತ್ತೇವೆ.

– ಸಂಪಾದಕ